ಮೂರನೆಯ ಗುರು ಬಾಯಿ ಬಿಟ್ಟದ್ದು

ದಂತವೈದ್ಯರ ಹಿಂಬದಿ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವವನಿಗೆ ‘ಹಲ್ಲುಕವಿ’ ಅಂತ ಹೆಸರಿಟ್ಟವಳು ಅವನ ಒಡಹುಟ್ಟಿದ ಅಕ್ಕ. ಪ್ರೀತಿಯಿಂದ ಇಟ್ಟಿದ್ದಾಳೆ ಅಂತ ಅವನು ತಿಳಿದಿದ್ದ, ಪಾಪ.

ಹಗಲೆಲ್ಲ ಮೇಣದ ಮೇಲೆ ಹಲ್ಲು ಕೂರಿಸುವುದು, ಸಂಜೆಯಾದರೆ ಸರಳರಗಳೆಯಲ್ಲಿ ನಾಟಕ ಬರೆಯುವುದು. ಸಣ್ಣಪುಟ್ಟ ವಸ್ತು ಅವನಿಗೆ ಒಗ್ಗುತ್ತಿರಲಿಲ್ಲ. ಹಿಂದಿನ ಕಾಲದ ಮೂವರು ಧರ್ಮಗುರುಗಳೇ ಬೇಕು. ಸೆರೆಸಿಕ್ಕವರನ್ನು ಕೊಲ್ಲಿಸುತ್ತೇನೆ, ಹರಸಿ ಎಂದು ರಾಜ ಅವರನ್ನು ಕೇಳುತ್ತಾನೆ. ಒಬ್ಬ ಒಲ್ಲೆನೆಂದು ತಲೆ ಕೊಡುತ್ತಾನೆ. ಇನ್ನೊಬ್ಬ ಕಾಡಿಗೆ ಓಡುತ್ತಾನೆ. ಮೂರನೆಯವನು ಹರಸುತ್ತಾನೆ. ಮೊದಲಿನ ಇಬ್ಬರೂ ಪುಟಗಟ್ಟಲೆ ಮಾತಾಡಿದರು. ಓಡುವವನಂತೂ ಓಡುತ್ತಲೇ ಮಾತಾಡಿದ. ಮೂರನೆಯವನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

“ಅಂಥ ನೀಚನ ಮನಸ್ಸು ನನಗೆ ಹೇಗೆ ಗೊತ್ತಾಗ್ಬೇಕು, ಅಕ್ಕಾ?”

“ಹೌದಪ್ಪ, ನೀನು ಅಪರಂಜಿ. ಆ ತಟ್ಟೆ ತೊಳೆದಿಟ್ಟು ಬಾ,” ಅಂದಳು ಅಕ್ಕ.

ಈ ನಡುವೆ ಒಂದು ದಿನ ಕ್ಲಿನಿಕ್ಕಿಗೆ ನಿವೃತ್ತ ಟೀಚರಮ್ಮ ಒಬ್ಬರು ಹೊಸ ಹಲ್ಲುಸೆಟ್ಟನ್ನು ಕೈಯಲ್ಲಿ ಹಿಡಿದು, ಒಸಡು ಊದಿಸಿಕೊಂಡು ಬಂದರು. ಡಾಕ್ಟರು ಫೋನಿನಲ್ಲಿ ಹರಟುತ್ತಾ ಅವರ ಬಾಯಿಯ ಅಳತೆ ತೆಗೆದಿದ್ದರು. ಅಚ್ಚು ಸೊಟ್ಟಗಿದೆ ಅಂತ ಹಲ್ಲುಕವಿ ಆಗಲೇ ಹೇಳಿದ್ದ. “ನಡೆಯುತ್ತೆ ಬಿಡ್ರೀ,” ಅಂದಿದ್ದರು ಡಾಕ್ಟರು. ಈಗ ಅವನನ್ನೇ ಕರೆದು, “ನೀವೇ ಹೇಳಿ, ಅಳತೆ ಸರಿ ಇತ್ತು ತಾನೆ?” ಅಂದರು.

ಹಲ್ಲುಕವಿ ಡಾಕ್ಟರ ಮುಖ ನೋಡಿದ, ಫ್ಯಾನು ನೋಡಿದ. “ಅಳತೆ ಚಿನ್ನದಂಥಾದ್ದು, ಅಮ್ಮಾ. ವಯಸ್ಸಾದ ಮೇಲೆ ಒಸಡು ಕುಗ್ಗುತ್ತೆ. ಹಾಕ್ಕೊಂಡು ಅಭ್ಯಾಸ ಮಾಡ್ಕೊಳ್ಳಿ.”

“ನನ್ನ ಒಸಡೇ ನೆಟ್ಟಗಿಲ್ಲ, ಸುಮ್ನೆ ನಿಮಗೆ ತೊಂದ್ರೆ ಕೊಟ್ಟೆ,” ಅಂತ ಟೀಚರಮ್ಮ ಕೈಮುಗಿದು ಹೋದರು.

ಆ ಸಂಜೆ ಅವನು ತಟ್ಟೆ ಸರಿಸಿ ಬರೆಯಲು ಕೂತ. ತಿಂಗಳುಗಟ್ಟಲೆ ಮೌನವ್ರತ ಹಿಡಿದಿದ್ದ ಮೂರನೆಯ ಗುರು ಬಾಯಿ ಬಿಟ್ಟ ನೋಡಿ, ತೂಬು ಕಿತ್ತ ಕೆರೆ!

*ಹರಸಿದವನಷ್ಟೆ ನಾ, ಕೊಂದವನು ನಾನಲ್ಲ;*
*ತೊಳೆದ ಕೈ ನೀರಿನಲಿ ನೆತ್ತರಿನ ಹನಿಯಿಲ್ಲ.*

ಒಂದು ಮಾತ್ರೆಯೂ ಕುಂಟಲಿಲ್ಲ. ಆತ್ಮಸಾಕ್ಷಿ ಕುಂಟಿದಾಗ ಛಂದಸ್ಸು ಎಷ್ಟು ನೆಟ್ಟಗೆ ನಡೆಯುತ್ತೆ ಅಂತ ಅವನಿಗೇ ನಾಚಿಕೆಯಾಯಿತು. ಹಾಗಂತ ಹಾಳೆಯನ್ನೇನೂ ಹರಿಯಲಿಲ್ಲ.

ನಾಟಕ ರಂಗಕ್ಕೆ ಬಂತು. ಮೊದಲ ಗುರುವಿನ ತಲೆ ಉರುಳುವಾಗ ಜನ ಕೆಮ್ಮಿದರು. ಮೂರನೆಯವನ ಮಾತಿಗೆ ಸಿಳ್ಳೆಯೋ ಸಿಳ್ಳೆ. ಮುಂದಿನ ಸಾಲಿನಲ್ಲಿದ್ದ ಡಾಕ್ಟರು ಎದ್ದು ನಿಂತೇ ಚಪ್ಪಾಳೆ ಹೊಡೆದರು.

“ಎಂಥ ತೂಕದ ಮನುಷ್ಯ ರೀ ಆ ಮೂರನೆಯವನು! ಎಲ್ಲಿ ಸಿಕ್ಕಿದ?”

“ನಮ್ಮ ಕ್ಲಿನಿಕ್ಕಲ್ಲೇ, ಸಾರ್.”

ಡಾಕ್ಟರು ಅದನ್ನು ಹೊಗಳಿಕೆ ಅಂದುಕೊಂಡು ಬೆನ್ನು ತಟ್ಟಿದರು. ಆ ಚಪ್ಪಾಳೆ, ಈ ಬೆನ್ನು ತಟ್ಟಿದ್ದು ಎರಡೂ ಹಲ್ಲುಕವಿಗೆ ಒಸಡಿನಲ್ಲಿ ಸಿಕ್ಕ ಮುಳ್ಳಿನಂತೆ ಕಾಡಿದವು. ಮುಂದಿನ ರಜೆಯ ದಿನ ಟೀಚರಮ್ಮನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡ. ಬೊಚ್ಚುಬಾಯಲ್ಲಿ ಅವರು ಬೈದದ್ದರಲ್ಲಿ ಅರ್ಧ ಅವನಿಗೆ ತಿಳಿಯಲಿಲ್ಲ. ತಿಳಿದ ಅರ್ಧವೇ ಬೇಕಾದಷ್ಟಾಯಿತು. ಹೊಸದಾಗಿ ಅಳತೆ ತೆಗೆದುಕೊಂಡ. ಹೊರಡುವಾಗ, “ಡಾಕ್ಟರಿಗೆ ಮಾತ್ರ ಹೇಳ್ಬೇಡಿ, ಅಮ್ಮಾ,” ಅಂತ ಗೋಗರೆದ. ಶೂರ!

ಹೊಸ ಸೆಟ್ಟು ಒಸಡಿಗೆ ಅಂಟಿದಂತೆ ಕೂತಿತು. ಒಂದು ದಿನ ಬೀದಿಯಲ್ಲಿ ಕಡಲೆಕಾಯಿ ಮೆಲ್ಲುತ್ತಿದ್ದ ಟೀಚರಮ್ಮನನ್ನು ಡಾಕ್ಟರು ಕಂಡು, “ನೋಡಿದ್ರಾ, ಅಭ್ಯಾಸ ಆಯ್ತಲ್ಲ!” ಅಂದರು.

ಟೀಚರಮ್ಮ ಡಾಕ್ಟರ ಪಕ್ಕದಲ್ಲಿದ್ದ ಹಲ್ಲುಕವಿಯತ್ತ ತಿರುಗಿ, ಎಲ್ಲ ಹಲ್ಲೂ ಕಾಣುವಂತೆ ನಕ್ಕರು.