ತೊಟ್ಟಿಲು ತೂಗಿ ಮಾರಿದ ಮನೆ

ನನ್ನ ಮೊಮ್ಮಗನಿಗೆ ಎರಡು ಹಲ್ಲು ಬಂದಿವೆ. ನೀರಿಗೆ ಹೋದರೂ ಸಂತೆಗೆ ಹೋದರೂ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತೇನೆ. ಅವನ ತೊಟ್ಟಿಲ ಮಾತು ಬಂದರೆ ಮಾತ್ರ ಬಾಯಿ ಕಟ್ಟುತ್ತದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು; ಬಂದಷ್ಟು ಬರೆಯುತ್ತೇನೆ.

ತೊಂಬತ್ತರ ದಶಕದ ಮೊದಲಿಗೆ ಬೈಲಹೊಂಗಲದ ನಮ್ಮ ಮನೆ ಮಾರಲು ನಿಂತೆವು. ಯಜಮಾನರ ಅಂಗಡಿ ಯರಗಟ್ಟಿಯಲ್ಲಿ ಕುದುರಿತ್ತು, ಅಲ್ಲಿಗೇ ಹೋಗಬೇಕಿತ್ತು. ಆಗ ಊರಲ್ಲಿ ಸಿಮೆಂಟ್ ಸ್ಲ್ಯಾಬಿನ ಮನೆಗಳು ಏಳತೊಡಗಿದ್ದವು. ಮಣ್ಣಿನ ಮಾಳಿಗೆಯ ಮನೆ ನೋಡಲು ಬಂದವರು ನೆಲಕ್ಕಿಂತ ಮೊದಲು ತಲೆಯೆತ್ತಿ ತೊಲೆ ನೋಡುತ್ತಿದ್ದರು. ಪಕ್ಕದ ಓಣಿಯ ಅಂಥದೇ ಮನೆ ಎಪ್ಪತ್ತು ಸಾವಿರಕ್ಕೆ ಹೋಗಿತ್ತು. ನಾವು ತೊಂಬತ್ತು ಎಂದೆವು. ಸಾಲದ್ದಕ್ಕೆ ನಮ್ಮ ಪಡಸಾಲೆಯ ನಡುತೊಲೆಯ ಒಳಗೆ ಗೆದ್ದಲು ಹತ್ತಿತ್ತು. ಬಡಿದರೆ ಡಬಡಬ ಅನ್ನುತ್ತಿತ್ತು.

ದೇಗಾಂವದ ರೈತರೊಬ್ಬರು ನೋಡಲು ಬರುವ ದಿನ, ಹತ್ತು ವರ್ಷದ ಮಗಳನ್ನು ಸಾಲಿಗೆ ಕಳಿಸಿ, ಆ ತೊಲೆಗೆ ಎಣ್ಣೆ ಸವರಿ, ಅದಕ್ಕೇ ತೊಟ್ಟಿಲು ಕಟ್ಟಿದೆ. ಒಳಗೆ ಮಡಚಿದ ಕೌದಿ ಇಟ್ಟು, ಮೇಲೆ ಸೀರೆ ಹೊದಿಸಿ ತೂಗುತ್ತ ಕುಳಿತೆ. ಅವರು ಬಂದವರೇ ತೊಲೆ ಬಡಿದು ನೋಡಲು ಕೋಲು ಎತ್ತಿದರು.

“ಅಣ್ಣಾರ, ಸಪ್ಪಳ ಮಾಡಬ್ಯಾಡ್ರಿ. ಕೂಸು ಈಗ ಮಲಕೊಂಡೈತಿ.”

ಕೋಲು ಕೆಳಗಿಳಿಯಿತು. “ಆತು ಬಿಡವಾ ತಂಗಿ. ತೊಟ್ಟಿಲಾ ತಡದ ತೊಲಿ, ಇನ್ನೇನು ನೋಡೂದು? ತೊಟ್ಟಿಲಾ ತೂಗೂ ಮನಿಗೆ ಚೌಕಾಶಿ ಮಾಡಬಾರ್ದು.”

ಕೇಳಿದಷ್ಟೇ ಕೊಟ್ಟರು. ಅವರು ಹೋದ ಮೇಲೆ ಯಜಮಾನರು ಬಾಯಿಗೆ ಟವೆಲು, ನಾನು ಸೆರಗು ಹಿಡಿದು ನಕ್ಕೆವು.

ಎಂಟು-ಹತ್ತು ವರ್ಷದ ಮೇಲೆ ಅವರೇ ತಮ್ಮ ಮಗನಿಗೆ ನಮ್ಮ ಮಗಳನ್ನು ಕೇಳಿಕೊಂಡು ಬಂದರು. “ಮನಿ ಕೊಟ್ಟೀರಿ, ಮಗಳನ್ನೂ ಕೊಟ್ಟಬಿಡ್ರಿ!” ಮದುವೆಯ ಮಾತಿಗೆಂದು ಆ ಪಡಸಾಲೆಯಲ್ಲಿ ಕುಳಿತಾಗಲೆಲ್ಲ ಕದ್ದು ಮೇಲೆ ನೋಡುತ್ತಿದ್ದೆ. ಅವತ್ತಿನ ಕೂಸು ಯಾರದೆಂದು ಅವರು ಕೇಳಲಿಲ್ಲ, ತೊಲೆಯ ಮಾತು ನಾನೂ ಹೇಳಲಿಲ್ಲ. ಮಗಳ ಮುಖ ಸಣ್ಣದಾದೀತು ಎಂದುಕೊಂಡೆ. ಅದೂ ಸುಳ್ಳು. ನನ್ನ ಮುಖದ್ದೇ ಚಿಂತೆ.

ಮದುವೆಯಾಯಿತು; ಮಗಳ ಬಾಣಂತನ ನಮ್ಮಲ್ಲಾಯಿತು. ಐದು ತಿಂಗಳಿಗೆ ಮಗಳನ್ನೂ ಕೂಸನ್ನೂ ಕರೆದುಕೊಂಡು ನಾನೇ ಬೈಲಹೊಂಗಲಕ್ಕೆ ಹೋದೆ. ಹೊಸ್ತಿಲು ದಾಟಿದರೆ, ಬೀಗರು ಅದೇ ತೊಲೆಗೆ ತೊಟ್ಟಿಲು ಕಟ್ಟಿಯೇ ಇಟ್ಟಿದ್ದಾರೆ.

“ನಿಮ್ಮ ತೊಟ್ಟಿಲಾನೂ ಇಲ್ಲೇ ಇತ್ತಲ್ಲ, ಬೀಗತಿ! ಕೊಡ್ರಿ ಇಲ್ಲಿ, ನಮ್ಮ ಹುಲಿನ್ನ ಮಲಗಸ್ತೇನಿ.”

ಕೂಸನ್ನು ಎದೆಗೆ ಒತ್ತಿಕೊಂಡೆ. “ಬ್ಯಾಡ್ರಿ! ತೊಲಿ ಪೊಳ್ಳ ಐತ್ರಿ. ಅವತ್ತ ತೊಟ್ಟಿಲದಾಗ ಕೂಸಾ ಇರಲಿಲ್ಲ. ಕೌದಿ ಇತ್ತು.”

ಮಗಳು ನನ್ನನ್ನೇ ನೋಡಿದಳು. ಬೀಗರು ಕೋಲು ತಂದು ಬಡಿದರು. ಕಂದು ಹುಡಿ ಉದುರಿ ತೊಟ್ಟಿಲ ಹಾಸಿಗೆಯ ಮೇಲೆ ಬಿತ್ತು.

“ಅವತ್ತ ಹೇಳಿದ್ರ ಇಪ್ಪತ್ತು ಸಾವಿರ ಇಳಸ್ತಿದ್ದೆ,” ಎಂದರು. “ಮನಿ ಬಿಡ್ತಿರಲಿಲ್ಲ.” ತೊಟ್ಟಿಲು ಬಿಚ್ಚುತ್ತ, “ತೊಲಿ ಬದಲಾಗೂತನಕಾ ನೀವು ಊರಿಗೆ ಹೋಗೂದಿಲ್ಲ. ಕೂಸಿನ್ನ ಕಾಲ ಮ್ಯಾಲೆ ಹಾಕ್ಕೊಂಡು ತೂಗ್ರಿ.”

ಬಡಗಿ ಬಂದು ಹೊಸ ತೊಲೆ ಏರಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಕಾಲು ಚಾಚಿ, ಕಾಲ ಮೇಲೆ ಮಲಗಿಸಿಕೊಂಡು ತೂಗಿದೆ. ಅವನು ಬೊಚ್ಚು ಬಾಯಿ ತೆರೆದು ನಕ್ಕರೆ ನನಗೆ ಊಟವೂ ಬೇಡವಾಗುತ್ತಿತ್ತು. ಇಳಿಸಿದ ಹಳೆಯ ತೊಲೆ ಎದುರಿಗೇ ಅಂಗಳದಲ್ಲಿ ಬಿದ್ದಿತ್ತು. ಅದಕ್ಕೆ ಬೆನ್ನು ಮಾಡಿ ಕುಳಿತರೆ ಕೂಸಿನ ಕಣ್ಣಿಗೆ ಬಿಸಿಲು ಹೊಡೆದು ಅಳುತ್ತಿತ್ತು. ಅದರ ಕಡೆಗೇ ಮುಖ ಮಾಡಿ ಕುಳಿತೆ.