ಕೇಳದೆ ಬಿಟ್ಟ ಏಳನೇ ಪುಟ

ಮೊನ್ನೆ ನನ್ನ ಮೇಜಿನ ಮೇಲೆ ಒಂದು ಕಟ್ಟು ಪ್ರಶ್ನಾವಳಿ ಬಂದು ಬಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ಓಡಾಡಿ, ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಹೆಂಗಸರನ್ನು ಕೂರಿಸಿಕೊಂಡು ತುಂಬಿಸಿದ ಫಾರಂಗಳು. ಹಗ್ಗ ಬಿಚ್ಚಿದ ಕೂಡಲೇ ಧೂಳು, ಬೆವರು, ತಲೆಗೆ ಹಚ್ಚುವ ಎಣ್ಣೆ ಎಲ್ಲ ಸೇರಿದ ವಾಸನೆ ಬಂತು. ಪುಟಗಳ ಮೂಲೆ ಮಡಚಿದ್ದವು. ಕೆಲವಕ್ಕೆ ಚಹಾದ ಕಲೆ, ಒಂದಕ್ಕೆ ಎಲೆ ಅಡಿಕೆಯ ಕೆಂಪು. ನನಗೆ ಖುಷಿಯೇ ಆಯಿತು. ಹುಡುಗಿ ಹಾಸ್ಟೆಲಿನಲ್ಲಿ ಕೂತು ಗೀಚಿದ್ದಲ್ಲ ಇದು ಅಂದುಕೊಂಡೆ. ಆದರೆ ಏಳನೇ ಪುಟಕ್ಕೆ ಬಂದಾಗ ಕೈ ನಿಂತಿತು. ಒಂದು ಫಾರಂ ನೋಡಿದೆ, ಇನ್ನೊಂದು ನೋಡಿದೆ, ಕಟ್ಟೆಲ್ಲ ತಿರುವಿ ಹಾಕಿದೆ. ಎಲ್ಲದರಲ್ಲೂ ಏಳನೇ ಪುಟ ಮಾತ್ರ ಝೆರಾಕ್ಸ್ ಅಂಗಡಿಯಿಂದ ಈಗ ತಾನೇ ಬಂದ ಹಾಗೆ ಬೆಳ್ಳಗಿತ್ತು. ಕೆಳಗೆ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಒಂದೇ ಸಾಲು: 'ರೋಗಿ ಉತ್ತರಿಸಲು ನಿರಾಕರಿಸಿದರು.'

ಆ ಸಾಲು ನನಗೆ ಚೆನ್ನಾಗಿ ಗೊತ್ತು. ಹದಿನೈದು ವರ್ಷದ ಹಿಂದೆ ನಾನೇ ಅದನ್ನು ಬರೆದಿದ್ದೆ, ಹಿರೋಳ್ಳಿಯ ಒಬ್ಬ ಅಕ್ಕನ ಫಾರಮ್ಮಿನಲ್ಲಿ. ಆ ಅಕ್ಕ ಏನನ್ನೂ ನಿರಾಕರಿಸಿರಲಿಲ್ಲ...

ನಾನಾಗ ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದೆ. ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯರ ಜೀವನದ ಗುಣಮಟ್ಟ ನನ್ನ ಪ್ರಬಂಧದ ವಿಷಯ. ಕೇಳಿದರೆ ಭಾರೀ ಕೆಲಸ ಅನಿಸುತ್ತದೆ. ಮಾಡುತ್ತಿದ್ದುದು ಇಷ್ಟೇ: ಎಂಟು ಪುಟದ ಫಾರಂ ಹಿಡಿದು ಹೋಗಿ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ನೋವು ಎಷ್ಟು, ಮನಸ್ಸು ಹೇಗಿದೆ ಎಂದು ಕೇಳಿ ಟಿಕ್ ಹಾಕುವುದು. ಏಳನೇ ಪುಟ ಗಂಡ ಹೆಂಡತಿಯ ಪುಟ. ಚಿಕಿತ್ಸೆಯ ನಂತರ ಕೂಡಿದ್ದೀರಾ, ನೋವಾಗುತ್ತದೆಯೇ, ಭಯವಿದೆಯೇ, ಈ ಬಗ್ಗೆ ಯಾರಾದರೂ ನಿಮಗೆ ತಿಳಿಸಿ ಹೇಳಿದ್ದಾರೆಯೇ... ಹೀಗೆ ಆರು ಪ್ರಶ್ನೆ. ಆ ಪುಟದ ಬಗ್ಗೆ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾರೂ ಪಾಠ ಮಾಡಿ ಕಲಿಸಿದ್ದಲ್ಲ, ಸೀನಿಯರುಗಳಿಂದ ಜೂನಿಯರುಗಳಿಗೆ ತಾನಾಗಿ ಇಳಿದು ಬಂದದ್ದು. ಆರನೇ ಪುಟ ಮುಗಿದಾಗ ಎರಡು ಹಾಳೆ ಒಟ್ಟಿಗೆ ಹಿಡಿದು ತಿರುವಬೇಕು. ಆಮೇಲೆ ಹಾಸ್ಟೆಲಿಗೆ ಬಂದು ಎಲ್ಲದರ ಮೇಲೂ ಆ ಸಾಲು ಬರೆಯಬೇಕು.

ನನ್ನ ಗೈಡ್ ಮೇಡಂಗೂ ಇದು ಗೊತ್ತಿತ್ತು. "ಆ ಪೇಜಿಗಿ ಟೈಮ್ ಹಾಳ ಮಾಡಬ್ಯಾಡ. ನಮ್ಮ ಕಡಿ ಹೆಣ್ಮಕ್ಕಳು ನಾಚ್ತಾರ" ಎಂದು ಅವರೇ ಹೇಳಿದ್ದರು.

ನಾಚುತ್ತಾರಂತೆ! ಮೇಡಂ ಒಂದೇ ಒಂದು ಮಧ್ಯಾಹ್ನ, ಡಾಕ್ಟರುಗಳ ರೌಂಡ್ ಮುಗಿದ ಮೇಲೆ, ನಾನು ಡ್ಯೂಟಿ ಮಾಡುತ್ತಿದ್ದ ಕ್ಯಾನ್ಸರ್ ವಾರ್ಡಿನಲ್ಲಿ ಬಂದು ಕೂತಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಊಟ ಮುಗಿಸಿ ಹೆಂಗಸರೆಲ್ಲ ಒಂದು ಮಂಚದ ಸುತ್ತ ಸೇರುತ್ತಿದ್ದರು. ನಡುವೆ ಹಿರೋಳ್ಳಿಯ ಅಕ್ಕ. ಆಗ ಮೂವತ್ತೆಂಟು ಇದ್ದಿರಬಹುದು. ತೊಗರಿ ಕೊಯ್ದು, ಕಬ್ಬು ಕಡಿದು ಗಟ್ಟಿಯಾದ ಮೈ, ರೋಗಕ್ಕೆ ಅರ್ಧ ಇಳಿದಿತ್ತು. ಬಾಯಿ ಮಾತ್ರ ಒಂಚೂರೂ ಇಳಿದಿರಲಿಲ್ಲ. ಗಡಿಯ ಊರಿನವಳು, ಕನ್ನಡದ ನಡುವೆ ಮರಾಠಿ ಹಾರಿಸುತ್ತ ಅವಳು ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆದರೆ ಈ ಲೇಖನ ಅಚ್ಚಾಗುವುದಿಲ್ಲ. ನಾನು ಬಿಪಿ ನೋಡಲು ಹೋದರೆ, "ಬರ್ರಿ ಸಿಸ್ಟರ್‌ಬಾಯಿ, ಕೂಡ್ರಿ. ನಿಮ್ಮ ಲಗ್ನ ಆಗೂತನಾ ನಾ ಸಾಯಂಗಿಲ್ಲ. ಮೊದಲ್ನೇ ದಿನ ಏನ್ ಮಾಡ್ಬೇಕಂತ ನಿಮಗ ಹೇಳವ್ರು ಯಾರರ ಬೇಕಲ್ಲ!" ಎನ್ನುತ್ತಿದ್ದಳು. ವಾರ್ಡಿಗೆ ವಾರ್ಡೇ ನಗುತ್ತಿತ್ತು. ಕಿವಿ ಕೆಂಪಾಗಿ ತಲೆ ತಗ್ಗಿಸಿ ಓಡುತ್ತಿದ್ದವಳು ನಾನು.

ಅವಳ ಗಂಡ ಗೌಂಡಿ, ಮನೆ ಕಟ್ಟುವ ಗಾರೆ ಕೆಲಸದವನು. ಮಾತು ಕಡಿಮೆ. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟ್ ಕೊಡುವುದು ಅನ್ನುತ್ತಾರೆ. ಆ ಕರೆಂಟ್ ನಡೆದ ಅಷ್ಟೂ ವಾರ ಅವನು ಕೆಲಸ ಬಿಟ್ಟು ಆಸ್ಪತ್ರೆಯ ಕಾರಿಡಾರಿನಲ್ಲೇ ಇದ್ದ. ಅವಳಿಗೆ ವಾಂತಿಯಾದರೆ ಬಕೆಟ್ ಹಿಡಿಯುವವನೂ ಅವನೇ, ಸೀರೆ ಒಗೆದು ಗೋಡೆಯ ಮೇಲೆ ಒಣಹಾಕುವವನೂ ಅವನೇ. "ನನ್ನ ಗಂಡ ಈಗ ನನಗ ಸೊಸಿ ಆಗ್ಯಾನ್ರಿ" ಎಂದು ಅಕ್ಕ ಅವನಿಗೆ ಕೇಳುವಂತೆಯೇ ಹೇಳುತ್ತಿದ್ದಳು. ಅವನು ನಗುತ್ತಿದ್ದ. ಅವರಿಬ್ಬರನ್ನು ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು, ಹಾಗಿದ್ದರು.

ಚಿಕಿತ್ಸೆ ಮುಗಿದು, ಮೊದಲ ಸಲ ತೋರಿಸಿಕೊಳ್ಳಲು ಬಂದ ದಿನ ನಾನು ಅವಳ ಫಾರಂ ತುಂಬಿದೆ. ಆಸ್ಪತ್ರೆಯ ಅಂಗಳದ ಬೇವಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಎಲ್ಲಕ್ಕೂ ಥಟ್ಟನೆ ಉತ್ತರ ಕೊಟ್ಟಳು. ಆರನೇ ಪುಟ ಮುಗಿಯಿತು. ನಾನು ಎರಡು ಹಾಳೆ ಒಟ್ಟಿಗೆ ಹಿಡಿದು ತಿರುವಿದೆ.

"ಒಂದ್ ಹಾಳಿ ಬಿಟ್ರಲ್ರಿ" ಎಂದಳು ಅಕ್ಕ. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಣ್ಣಿತ್ತು.

"ಅದು ನಿಮಗಲ್ಲ ಅಕ್ಕಾ."

"ಮತ್ಯಾರಿಗ್ರಿ?"

ನಾನು ಎಂಟನೇ ಪುಟಕ್ಕೆ ಟಿಕ್ ಹಾಕಿ ಮುಗಿಸಿದೆ. ಅವಳು ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಳು. ಅಷ್ಟು ಮಾತಿನವಳು ಸುಮ್ಮನೆ ಕೂತದ್ದು ಕಂಡಾಗಲಾದರೂ ನನಗೆ ಹೊಳೆಯಬೇಕಿತ್ತು. "ಇನ್ನ ಏನರ ಕೇಳೂದು ಅದ ಏನ್ರಿ?" ಎಂದು ಮತ್ತೆ ಕೇಳಿದಳು. ಇಲ್ಲ ಎಂದೆ. ಜೇವರ್ಗಿ ಬಸ್ಸು ಹಿಡಿಯಬೇಕಿತ್ತು ನನಗೆ, ಅಲ್ಲಿ ಇನ್ನಿಬ್ಬರ ಫಾರಂ ಬಾಕಿ ಇತ್ತು. ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಗೇಟಿನ ಕಡೆ ನಡೆದೆ. ಗೇಟಿನ ಹತ್ತಿರ ಅವಳ ಗಂಡ ನನ್ನ ಹಿಂದೆ ಬಂದ. "ಸಿಸ್ಟರ್‌ಬಾಯಿ, ಜರಾ ಒಂದ್ ಮಾತ ಕೇಳೂದಿತ್ರಿ... ಅಕಿದು" ಎಂದ. ನೆಲ ನೋಡುತ್ತ ಎರಡು ಸಲ ಬಾಯಿ ತೆರೆದು ಮುಚ್ಚಿದ. ಏನು ಕೇಳಲಿದ್ದಾನೆಂದು ನನಗೆ ಅಂದಾಜಾಯಿತು. ಅಂದಾಜಾದದ್ದಕ್ಕೇ ಹೆದರಿದೆ. "ಡಾಕ್ಟರ್‌ಗಿ ಕೇಳ್ರಿ" ಎಂದು ಹೇಳಿ ಹೊರಟೆ.

ಆ ಡಾಕ್ಟರರ ಕೋಣೆ ಹೇಗಿರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲವೇ? ಒಂದು ಮೇಜಿನ ಸುತ್ತ ಹತ್ತು ಜನ, ಬಾಗಿಲಲ್ಲಿ ಇನ್ನಿಪ್ಪತ್ತು. ಅಲ್ಲಿ ನಿಂತು ಒಬ್ಬ ಗೌಂಡಿ ತನ್ನ ಹೆಂಡತಿಯ ಬಗ್ಗೆ ಆ ಮಾತು ಕೇಳಬೇಕಿತ್ತೇ? ಗೊತ್ತಿದ್ದೇ ಕಳಿಸಿದೆ. ಜೇವರ್ಗಿಗೆ ಹೋಗಿ, ಅಲ್ಲಿಯೂ ಎರಡು ಹಾಳೆ ಒಟ್ಟಿಗೆ ತಿರುವಿ, ಹಾಸ್ಟೆಲಿಗೆ ಬಂದು ಆ ಸಾಲು ಬರೆದೆ.

ಎಂಟು ತಿಂಗಳ ನಂತರ ಎರಡನೇ ಸುತ್ತಿನ ಫಾರಂ ತುಂಬಿಸಲು ಹಿರೋಳ್ಳಿಗೆ ಹೋದೆ. ಅಕ್ಕನ ಮನೆಯ ಬಾಗಿಲಲ್ಲಿ ಬೇರೆ ಹೆಣ್ಣೊಬ್ಬಳು ನಿಂತಿದ್ದಳು, ಚಿಕ್ಕ ವಯಸ್ಸು. ನಾದಿನಿ ಇರಬೇಕು ಅಂದುಕೊಂಡು ಅಕ್ಕ ಎಲ್ಲಿ ಎಂದು ಕೇಳಿದೆ. ಅವಳು ಒಳಗೆ ಹೋಗಿಬಿಟ್ಟಳು. ಪಕ್ಕದ ಮನೆಯ ಅಜ್ಜಿ ಹೇಳಿದಳು: ಹೋದ ತಿಂಗಳು ಹಿರಿಯರು ಕೂತು ಸೋಡಚೀಟಿ ಮಾಡಿಸಿದರು, ಅಕ್ಕ ಈಗ ಜೇವರ್ಗಿ ಕಡೆಯ ತವರಿನಲ್ಲಿದ್ದಾಳೆ, ಇವಳು ಹೊಸಬಳು. ಸೋಡಚೀಟಿ ಎಂದರೆ ಗಂಡ ಹೆಂಡತಿ ಬಿಟ್ಟದ್ದಕ್ಕೆ ಊರ ಹಿರಿಯರು ಬರೆಸುವ ಕಾಗದ. ನನಗೆ ಆ ಗೌಂಡಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬಕೆಟ್ ಹಿಡಿದದ್ದೆಲ್ಲ ನಾಟಕ, ಎಲ್ಲ ಗಂಡಸರೂ ಇಷ್ಟೇ ಎಂದು ಹಲ್ಲು ಕಡಿಯುತ್ತ ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಹೋದೆ.

ಗೋಡೆಗೆ ಸಿಮೆಂಟ್ ಮೆತ್ತಿ ಗಿಲಾವ್ ಮಾಡುತ್ತಿದ್ದ. ನನ್ನನ್ನು ನೋಡಿ ಕರಣೆ ಕೆಳಗಿಟ್ಟ.

"ನಾ ಬಿಡಲಿಲ್ರಿ ಅಕಿಗಿ" ಎಂದ, ನಾನು ಕೇಳುವ ಮೊದಲೇ. "ಒಳಗ ಗಾಯ ಅದ ಅಂತ ಡಾಕ್ಟರ್ ಅಂದಿದ್ರು. ನಾ ಹತ್ರ ಹೋದ್ರ ಬೀಮಾರಿ ಮತ್ತ ಎದ್ದರ ಏನ್ ಮಾಡ್ಲಿ ಅಂತ ಅಂಜಿ, ಹೊರಗ ಕಟ್ಟಿ ಮ್ಯಾಲ ಮಲಗಾಕತ್ತೆ. ಅಕಿ ಬ್ಯಾರೇನೇ ತಿಳಕೊಂಡಳು. ಮಾತ ಬಿಟ್ಟಳು. ಒಂದಿನ ಗಂಟ ಕಟಗೊಂಡು ಹೋದಳು. ಕರಿಯಾಕ ಎರಡ ಸಲ ಹೋದೆ, ಬರಲಿಲ್ಲ. ಅವ್ವ ಮತ್ತ ಹಿರಿಯಾರು ಕೂಡಿ..."

"ಅಂಜಿಕಿ ಅದ ಅಂತ ಅಕ್ಕಗ ಹೇಳಬೇಕಿಲ್ಲೇನ್ರಿ?"

"ಏನಂತ ಹೇಳ್ಲಿರಿ? ನನಗ ಏನ್ ಗೊತ್ತಿತ್ತು? ಅದನ್ನ ಕೇಳಾಕ ನಿಮ್ಮ ಹತ್ರ ಬಂದಿದ್ನೆಲ್ರಿ" ಎಂದ. ಸಿಟ್ಟಿನಿಂದ ಅಲ್ಲ, ಮರೆತಿದ್ದೀರೇನೋ ಎನ್ನುವ ಹಾಗೆ ಹೇಳಿದ. ನಾನು ಹಿಡಿದುಕೊಂಡು ಹೋಗಿದ್ದ ಸಿಟ್ಟೆಲ್ಲ ತಿರುಗಿ ನನಗೇ ಬಂದು ಬಡಿಯಿತು.

ಮರುದಿನವೇ ಜೇವರ್ಗಿಗೆ ಹೋದೆ. ಅಕ್ಕ ತಮ್ಮನ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನು ಕೂತವಳೇ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಈ ರೋಗ ಮುಟ್ಟಿದರೆ ಹತ್ತುವುದಿಲ್ಲ, ಕೂಡಿದರೆ ಮರಳಿ ಬರುವುದಿಲ್ಲ. ಗಾಯ ಮಾಯುವ ತನಕ ಕೆಲವು ವಾರ ಕಾಯಬೇಕು ಅಷ್ಟೇ. ಕರೆಂಟಿನಿಂದ ಒಳಗೆ ಒಣಗುತ್ತದೆ, ಬಿಗಿಯಾಗುತ್ತದೆ, ಅದಕ್ಕೇ ನೋವು. ಅದಕ್ಕೆ ಜೆಲ್ಲಿ ಇದೆ, ಮಾಡಿಕೊಳ್ಳುವ ಆರೈಕೆ ಇದೆ. ಅವನು ಅಂಜಿ ಹೊರಗೆ ಮಲಗಿದ್ದು. ಹೇಳಿ ಮುಗಿಸಲು ಎರಡು ನಿಮಿಷವೂ ಆಗಲಿಲ್ಲ. ಅದೇ ಇವತ್ತಿಗೂ ನನ್ನನ್ನು ಸುಡುತ್ತದೆ... ಎರಡು ನಿಮಿಷ!

ಅಕ್ಕ ಮೊರ ಕೆಳಗಿಟ್ಟಳು.

"ನೀವು ಬಿಟ್ಟ ಹಾಳ್ಯಾಗ ಇದೇ ಇತ್ತೇನ್ರಿ?"

ಹೌದು ಎಂದೆ.

"ಮತ್ತ ಅವತ್ತ ಯಾಕ ಕೇಳಲಿಲ್ಲಬೇ?" 'ರಿ' ಬಿಟ್ಟು ನನ್ನನ್ನು ಅವಳು 'ಬೇ' ಎಂದು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾ ಹೇಸಿಗಿ ಆದೆ ಅವಗ ಅಂತ ತಿಳದೆ ನಾನು. ಸುಡಗಾಡ ಬಾಗಲಕ್ಕ ಹೋಗಿ ಬಂದಾಕಿ, ಗಂಡಗ ಹೇಸಿಗಿ ಆಗಿ ಯಾಕಿರಬೇಕು ಅಂತ ನಾನೇ ಎದ್ದ ಬಂದೆ. ಕರಿಯಾಕ ಬಂದ್ರ ಬೈದ ಕಳಿಸಿದೆ. ನೀ ಅವತ್ತ ಕೇಳಿದ್ರ ನಾ ಹೇಳ್ತಿದ್ದಿಲ್ಲೇನು? ನನಗ ಯಾವತ್ತ ನಾಚಿಕಿ ಇತ್ತು? ನಾಚಿಕಿ ಇದ್ದಿದ್ದು ನಿನಗ!"

ಈಗಲಾದರೂ ಊರಿಗೆ ಹೋಗಿ ಮಾತಾಡೋಣ ಎಂದು ಏನೋ ತೊದಲಿದೆ. "ಅಲ್ಲಿ ಇನ್ನೊಬ್ಬಾಕಿ ಬಂದಾಳ. ಅಕಿದೇನ್ ತಪ್ಪದ? ಹೋಗು, ನಿನ್ನ ಬಸ್ಸ ಹೋದೀತು" ಎಂದು ಮೊರ ಎತ್ತಿಕೊಂಡಳು. ಅದೇ ನಾನು ಅವಳನ್ನು ಕಡೆಯ ಸಲ ನೋಡಿದ್ದು.

ಕಾಲೇಜಿಗೆ ಬಂದು ಮೇಡಂ ಮುಂದೆ ನಿಂತೆ. ಏಳನೇ ಪುಟ ನಾನು ಯಾರನ್ನೂ ಕೇಳಿಲ್ಲ, ಬರೆದದ್ದೆಲ್ಲ ಸುಳ್ಳು, ಮತ್ತೆ ಹೋಗಿ ಕೇಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಪರೀಕ್ಷೆ ಹತ್ತಿರ ಬಂದಿದೆ, ಹುಚ್ಚುಹುಚ್ಚಾಗಿ ಆಡಬೇಡ ಎಂದರು. ನಾನು ಆಡಲಿಲ್ಲ. ಸುಮ್ಮನಾದೆ. ಪ್ರಬಂಧದ ಕೊನೆಗೆ 'ಈ ಭಾಗದ ಮಹಿಳೆಯರು ಲೈಂಗಿಕ ಆರೋಗ್ಯದ ಬಗ್ಗೆ ಮಾತನಾಡಲು ತೀವ್ರ ಸಂಕೋಚಪಡುತ್ತಾರೆ' ಎಂದು ಬರೆದೆ. ಅದು ಮಹತ್ವದ ಅಂಶ ಎಂದು ಪರೀಕ್ಷಕರು ಹೊಗಳಿದರು. ಚಪ್ಪಾಳೆಯೂ ಬಿತ್ತು. ನಮ್ಮ ನಾಚಿಕೆಯನ್ನು ಆ ಹೆಂಗಸರ ತಲೆಗೆ ಕಟ್ಟಿ ನಾವು ಪದವಿ ತೆಗೆದುಕೊಂಡೆವು. ನಾನು ಲೆಕ್ಚರರ್ ಆದೆ, ಗೈಡ್ ಆದೆ. ಏಳನೇ ಪುಟ ಕೇಳಲೇಬೇಕು ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡೆ. ಯಾಕೆ ಕೇಳಬೇಕು ಎಂಬುದನ್ನು ಮಾತ್ರ ಒಬ್ಬರಿಗೂ ಹೇಳಲಿಲ್ಲ. ಮಾನ ಹೋಗುತ್ತದಲ್ಲ, ಅದಕ್ಕೆ.

ಮೊನ್ನೆ ಆ ವಿದ್ಯಾರ್ಥಿನಿಯನ್ನು ಕರೆದು ಎಷ್ಟು ಜನರನ್ನು ಕೇಳಿದೆ ಎಂದೆ. "ಅವ್ರು ನಾಚ್ತಾರ್ರಿ ಮೇಡಂ" ಎಂದಳು. ಫಾರಂ ಕಟ್ಟು ಅವಳ ಮುಂದೆ ಎತ್ತಿ ಕುಕ್ಕಿದೆ. ಕಾಲೇಜಿನ ಆ ತುದಿಗೆ ಕೇಳುವ ಹಾಗೆ ಕೂಗಾಡಿದೆ. ಹುಡುಗಿ ಅಳತೊಡಗಿದಳು. ಆಮೇಲೆ, ನಾನು ಯಾವ ಬಾಯಿಂದ ಕೂಗುತ್ತಿದ್ದೇನೆ ಅನಿಸಿ ಕೂತುಬಿಟ್ಟೆ. ಅವಳನ್ನೂ ಕೂರಿಸಿ ಅಕ್ಕನ ಕಥೆ ಪೂರ್ತಿ ಹೇಳಿದೆ. ಸೋಮವಾರ ಇಬ್ಬರೂ ಆಳಂದಕ್ಕೆ ಹೋಗುವುದು, ಮೊದಲ ಮನೆಯಿಂದ ಮತ್ತೆ ಶುರು ಮಾಡುವುದು ಎಂದು ಮಾತಾಯಿತು. ಆಗ ನನಗೊಂದು ಆಸೆ ಹುಟ್ಟಿತು. ಅಕ್ಕನನ್ನು ಕಾಲೇಜಿಗೆ ಕರೆಸಬೇಕು, ಈ ಹುಡುಗಿಯರ ಮುಂದೆ ನಿಲ್ಲಿಸಬೇಕು, ನನಗೆ ಬೈದ ಹಾಗೆ ಅವರಿಗೂ ಎರಡು ಬೈಯಲಿ. ಅವಳ ತಮ್ಮನ ನಂಬರು ಹಳೆಯ ಡೈರಿಯಲ್ಲಿತ್ತು. ಫೋನು ಮಾಡಿದೆ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ.

"ಆ ಬೀಮಾರಿಲಿಂದ ಅಲ್ರಿ" ಎಂದ ಅವನು. "ಅದು ಪೂರಾ ವಾಸಿ ಆಗಿತ್ತು. ಜ್ವರ ಬಂದು ನಾಕ ದಿನಕ್ಕ ಹೋದಳು. ಅಕಿ ಗಂಡ ಬಂದಿದ್ನ್ರಿ ಮಣ್ಣಿಗಿ. ಒಬ್ಬನೇ ಬಂದು ದೂರ ನಿಂತಿದ್ದ. ಹೆಣ ಎತ್ತೂ ಹೊತ್ತಿಗಿ ಹತ್ರ ಬಂದು, ಮುಟ್ಟಬೌದೇನು ಅಂತ ನನಗ ಕೇಳಿದ."

"ನೀವೇನಂದ್ರಿ?"

"ಮುಟ್ಟಪಾ, ಏನಾಗಂಗಿಲ್ಲ ಅಂದೆ."

ಅಷ್ಟು ಹೇಳುವುದು ನನ್ನ ಕೆಲಸವಾಗಿತ್ತು.