ನಾಂವ ಕಟ್ ಆತು

ನನ್ನ ಗಂಡ ಲಂಕಾದ ಲಡಾಯಿಯಲ್ಲಿ ಇರುವಾಗಲೇ ಅವರ ನೌಕರಿಯ ವರ್ಷಗಳು ತುಂಬಿದವು. ಮನೆಗೆ ಬಿಡಬೇಕಿತ್ತು, ಬಿಡಲಿಲ್ಲ. ಲಡಾಯಿ ನಡೆದಾಗ ಸಿಪಾಯಿಯನ್ನು ಯಾರು ಬಿಡುತ್ತಾರೆ, ಅದು ನನಗೂ ತಿಳಿಯುತ್ತದೆ. ಆದರೆ ಲಡಾಯಿ ಮುಗಿದು ಪಲ್ಟಣ ಸಮುದ್ರ ದಾಟಿ ಈ ಕಡೆಯ ದಂಡೆಗೆ ಬಂದ ಮೇಲೂ ಹಿಡಿದಿಟ್ಟುಕೊಂಡರು. ಅದು ಮಾತ್ರ ಇವತ್ತಿಗೂ ತಿಳಿದಿಲ್ಲ. ಪಗಾರವೂ ಎಲ್ಲೋ ಸಿಕ್ಕಿಹಾಕಿಕೊಂಡಿತು. ಮನಿಆರ್ಡರ್ ನಿಂತವು. ನಮ್ಮೂರು ಅಂಕಲಿಯಲ್ಲಿ ಕಬ್ಬಿನ ಕೆಲಸಕ್ಕೇನು ಕಡಿಮೆ, ನಾನು ಹೋದೆ, ಮನೆ ನಡೆಯಿತು.

ಹೀಗಿರುವಾಗ ಒಂದು ದಿನ ರಾಯಬಾಗದ ಸಂತೆಗೆ ಹೋದ ಮಾವ ಬರಿಗೈಲಿ ತಿರುಗಿ ಬಂದು ಕಟ್ಟೆಯ ಮೇಲೆ ಕುಸಿದು ಕೂತರು. ನನ್ನ ಗಂಡನದೇ ಪಲ್ಟಣದ, ಹಾರೂಗೇರಿಯ ಸಿಪಾಯಿಯೊಬ್ಬ ರಜೆಗೆ ಬಂದಿದ್ದನಂತೆ. ಹೊರಟ ಬಸ್ಸಿನ ಕಿಟಕಿಯಿಂದ ಮಾವನನ್ನು ಕಂಡು, "ಕಾಕಾ, ನಿಮ್ಮ ಮಗಂದು ನಾಂವ ಕಟ್ ಆತ್ರಿ!" ಎಂದು ಕೂಗಿದನಂತೆ. ಮುಂದಿನ ಮಾತು ಬಸ್ಸಿನ ಸದ್ದಿನಲ್ಲಿ ಹೋಯಿತು.

ನಾಂವ ಅಂದರೆ ಹೆಸರು. ರೇಷನ್ ಕಾರ್ಡಿನಿಂದ ಹೆಸರು ಕಟ್ ಆಗುವುದು ಯಾವಾಗ? ಸತ್ತಾಗ. ನಮಗೆ ಗೊತ್ತಿದ್ದದ್ದು ಅಷ್ಟೇ. ಅತ್ತೆ ಎದೆ ಬಡಿದುಕೊಂಡು ಅತ್ತರು. ಓಣಿ ಕೂಡಿತು. ನೆರೆಮನೆಯ ಮುದುಕಿ ನನ್ನ ಕೈ ಹಿಡಿದು, ಬಳೆ ಒಡೆಯಲು ಕಲ್ಲು ಹುಡುಕತೊಡಗಿದಳು.

"ಕೈ ಬಿಡ ಆಯಿ," ಎಂದೆ. "ಸಿಪಾಯಿ ಸತ್ರ ಸರಕಾರದ ತಾರು ಬರತೈತಿ. ತಾರು ಬಂದೈತೇನ? ಬಂದ ಮ್ಯಾಲ ಒಡಿಯಂತಿ, ಕಲ್ಲೇನ ಓಡಿಹೋಗೂದಿಲ್ಲ."

"ಎಂಥಾ ಗಟ್ಟಿ ಹೆಂಗಸ ಬೇ ನೀ! ಕಣ್ಣಾಗ ಒಂದ ಹನಿ ನೀರಿಲ್ಲ!"

ನೀರು ಬರಲಿಲ್ಲ, ಖರೆ. ಮೈದುನನನ್ನು ಕರೆದುಕೊಂಡು ಹಾರೂಗೇರಿಗೆ ಹೋದೆ. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಮೂಗು ಒರೆಸುತ್ತಿದ್ದ. ಸತ್ತಿದ್ದರೆ ಮಣ್ಣು ಕೊಟ್ಟವರು ಯಾರು, ಯಾವ ಊರಲ್ಲಿ ಕೊಟ್ಟರು ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಕೇಳುತ್ತ ಕೇಳುತ್ತ ಆ ಸಿಪಾಯಿಯ ಮನೆ ಹುಡುಕಿದೆವು. ಅಂಗಳದಲ್ಲಿ ಲುಂಗಿ ಸುತ್ತಿಕೊಂಡು ಚಹಾ ಕುಡಿಯುತ್ತಿದ್ದವನು, ಮೈದುನ ತನ್ನ ಅಣ್ಣನ ಹೆಸರು ಹೇಳುತ್ತಲೇ ಎದ್ದು ನಿಂತ.

"ಬರ್ರಿ ವೈನಿ, ಬರ್ರಿ! ಪೇಢೆ ತಂದೀರೇನ?"

"ಪೇಢೆ ಆಮ್ಯಾಲ. ಅವರು ಎಲ್ಲಿ ಸತ್ರು, ಅದನ್ನ ಹೇಳ."

ಚಹಾದ ಕಪ್ಪು ಅವನ ಬಾಯಿಯ ಹತ್ತಿರವೇ ನಿಂತಿತು. "ಸತ್ರು? ಯಾರಂದ್ರು ವೈನಿ? ನಾಂವ ಕಟ್ ಅಂದ್ರ ಬಿಡುಗಡಿ ಅಲ್ಲೇನ್ರಿ! ಪಲ್ಟಣದಿಂದ ಹೆಸರು ತಗದು ಕಾಯಂ ಮನಿಗೆ ಕಳಸೂದು. ಇನ್ನೇನ ಬರತಾರ. ನಾವೆಲ್ಲಾ ಹಂಗ ಅಂತೀವ್ರಿ."

"ನೀವು ಹಂಗ ಅಂತೀರಿ, ನಮ್ಮನ್ಯಾಗ ಬಳಿ ಒಡಿಯಾಕ ನಿಂತಾರ! ಬಿಡುಗಡಿ ಆತು ಅಂತ ನೆಟ್ಟಗ ಹೇಳಾಕ ನಿನ್ನ ಬಾಯಾಗೇನ ಹುಗ್ಗಿ ಇತ್ತೇನ?"

ಮೈದುನ ಅಲ್ಲೇ ನೆಲಕ್ಕೆ ಕೂತು ಹುಚ್ಚನ ಹಾಗೆ ನಗತೊಡಗಿದ. ನಾನೂ ಕೂತೆ. ಸಿಪಾಯಿಯ ತಾಯಿ ನೀರು ತಂದುಕೊಟ್ಟಳು.

ಅವನು ತನ್ನ ದುಃಖ ತೆಗೆದ. "ನಿಮ್ಮವರದರ ಕಟ್ ಆತು ವೈನಿ. ನಂದೂ ವರ್ಷ ತುಂಬ್ಯಾವ, ಇನ್ನೂ ಬಿಡವಲ್ರು. ಬಂದೂಕ ಜಮಾ ಮಾಡಿಸಿಕೊಂಡು ಕೈಯಾಗ ಸುಣ್ಣದ ಡಬ್ಬಿ ಕೊಟ್ಟಾರ. ದಿನಾ ರಸ್ತಾದ ಬಾಜೂಕಿನ ಕಲ್ಲಿಗೆ ಸುಣ್ಣ ಹಚ್ಚೂದು. ಇದಕ್ಕ ನಾವ ಬೇಕೇನ್ರಿ? ಪಗಾರ ಕೇಳಿದ್ರ ಆ ಆಫೀಸಿಗೆ ಹೋಗೈತಿ, ಈ ಆಫೀಸಿಗೆ ಹೋಗೈತಿ ಅಂತಾರ."

ಅವನ ಸಿಟ್ಟು ನ್ಯಾಯದ್ದೇ. ಇನ್ನೊಂದು ದಿನವಾಗಿದ್ದರೆ ನಾನೂ ಜೊತೆಗೆ ನಾಲ್ಕು ಬೈಯುತ್ತಿದ್ದೆ. ಆಗ ನನಗೆ "ಬರತಾರ" ಅನ್ನುವುದೊಂದೇ ಕೇಳಿಸುತ್ತಿತ್ತು.

ಅದೇ ವಾರ ಬಂದರು. ಕರೀ ಟ್ರಂಕು, ಬಿಸಿಲಿಗೆ ಸುಟ್ಟ ಮುಖ. ಮಗನನ್ನು ಕಂಡು ಮಾವ ತಾವೇ ಟ್ರಂಕು ಎತ್ತಿ ಒಳಗಿಟ್ಟರು. ಇವರು ಊಟಕ್ಕೆ ಕೂತವರೇ ಶುರುಮಾಡಿದರು. ಪಗಾರದ ಬಾಕಿ ಕೊಡಲಿಲ್ಲ, ಬಿಡಲು ಇಷ್ಟು ತಡ ಮಾಡಿದರು, ಕೇಳಿದವರನ್ನು ಗದರಿಸಿದರು ಎಂದು ಒಬ್ಬೊಬ್ಬ ಸಾಹೇಬನನ್ನೂ ಹಿಡಿದು ಬೈದರು.

"ಉಣ್ಣುವಾಗರ ಸುಮ್ಮನಿರೋ," ಅತ್ತೆ ಅಂದರು.

"ಬೈಲಿ ಬಿಡ್ರಿ ಅತ್ತಿ," ಎಂದೆ. ಬಾಕಿ ಪಗಾರ ಆಮೇಲೆ ಚೂರುಚೂರಾಗಿ ಬಂತು. ಆ ದಿನ ಅದರ ಚಿಂತೆ ನನಗಿರಲಿಲ್ಲ. ಅವರು ಇನ್ನೂ ಒಬ್ಬ ಸಾಹೇಬನನ್ನು ಬೈಯುತ್ತಿದ್ದರು. ನಾನು ಮತ್ತೊಂದು ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತೆ.